ಒಂದು ವೇಗದ ಲ್ಯಾಪಿಗಿಂತ ಹತ್ತು ಸಮ ಲ್ಯಾಪು: ಆನ್‌ಲೈನ್ ಸಿಮ್ ರೇಸಿಂಗ್ ಅಭ್ಯಾಸಕ್ಕೊಂದು ಕೈಪಿಡಿ

ಕಲಬುರಗಿಯ ಸೇಡಂ ರಸ್ತೆಯ ಕಡೆಗಿರುವ ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ, ಸಿಮ್ ರೇಸಿಂಗಿಗೆಂದು, ಅಂದರೆ ಪರದೆಯ ಮೇಲೆ ನಿಜದಂತೆ ರೇಸ್ ಕಾರು ಓಡಿಸುವ ಆಟಕ್ಕೆಂದು, ಸ್ಟೀರಿಂಗ್ ಬಿಗಿದ ಮೇಜಿನ ಬಲಗಡೆಗೆ, ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಅದರ ಮೊದಲ ನಲವತ್ತು ಪುಟಗಳಲ್ಲಿ ನಾನು ಬರೆದಿಟ್ಟದ್ದು ಒಂದೇ ಸಂಗತಿ: ಯಾವ ಸರ್ಕ್ಯೂಟಿನಲ್ಲಿ ನನ್ನ ಅತಿ ವೇಗದ ಲ್ಯಾಪು, ಅಂದರೆ ಒಂದು ಪೂರ್ತಿ ಸುತ್ತು, ಎಷ್ಟು ಹೊತ್ತಿನದು ಎಂಬುದು. ಆ ಅಂಕಿಗಳು ವಾರದಿಂದ ವಾರಕ್ಕೆ ಇಳಿಯುತ್ತ ಹೋದವು, ಆದರೆ ಆನ್‌ಲೈನ್ ರೇಸುಗಳಲ್ಲಿ ನಾನು ಬರುತ್ತಿದ್ದ ಸ್ಥಾನ ಮಾತ್ರ ಹದಿನೈದರ ಆಚೆಯೇ ಉಳಿಯಿತು. ನಲವತ್ತೊಂದನೆಯ ಪುಟದಿಂದ ಬರೆಯುವ ಅಂಕಿಯನ್ನೇ ಬದಲಿಸಿದೆ, ಮತ್ತು ಸ್ಥಾನವೂ ಬದಲಾಯಿತು. ಏನನ್ನು ಬದಲಿಸಿದೆ, ಹೇಗೆ ಅಭ್ಯಾಸ ಮಾಡಿದೆ ಎಂಬುದನ್ನು, ಹೊಸದಾಗಿ ಸ್ಟೀರಿಂಗ್ ಕೊಂಡು ಆನ್‌ಲೈನಿಗೆ ಇಳಿದಿರುವ ನಮ್ಮ ಭಾಗದ ಹುಡುಗ ಹುಡುಗಿಯರಿಗೆ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕವನ್ನು ನೋಡೋಣ. ಹತ್ತು ಲ್ಯಾಪಿನ ಒಂದು ಓಟದಲ್ಲಿ ಒಬ್ಬ ಚಾಲಕನು ಒಂಬತ್ತು ಲ್ಯಾಪುಗಳನ್ನು 1 ನಿಮಿಷ 52 ಸೆಕೆಂಡಿನಂತೆ ಓಡಿಸಿ, ಒಂದೇ ಒಂದು ಲ್ಯಾಪಿನಲ್ಲಿ ಕಾರನ್ನು ಗಿರಕಿ ಹೊಡೆಸಿ 2 ನಿಮಿಷ 5 ಸೆಕೆಂಡ್ ತೆಗೆದುಕೊಂಡನೆಂದು ಇಟ್ಟುಕೊಳ್ಳಿ. ಅವನ ಒಟ್ಟು ಕಾಲ 18 ನಿಮಿಷ 53 ಸೆಕೆಂಡ್. ಪ್ರತಿ ಲ್ಯಾಪಿನಲ್ಲಿಯೂ ಅವನಿಗಿಂತ ಪೂರ್ತಿ ಒಂದು ಸೆಕೆಂಡ್ ನಿಧಾನವಾಗಿ, ಅಂದರೆ 1 ನಿಮಿಷ 53 ಸೆಕೆಂಡಿನಂತೆ, ಹತ್ತೂ ಲ್ಯಾಪುಗಳನ್ನು ತಪ್ಪಿಲ್ಲದೆ ಓಡಿಸಿದ ಇನ್ನೊಬ್ಬನ ಒಟ್ಟು ಕಾಲ 18 ನಿಮಿಷ 50 ಸೆಕೆಂಡ್. ಸಿಮ್ ರೇಸಿಂಗಿನಲ್ಲಿ ಒಂದು ಸೆಕೆಂಡ್ ಎಂದರೆ ಬಹಳ ದೊಡ್ಡ ಅಂತರ. ಅದನ್ನು ಗಳಿಸಲು ಹೊಸಬರಿಗೆ ತಿಂಗಳುಗಟ್ಟಲೆ ಬೇಕಾಗುತ್ತದೆ. ಆ ತಿಂಗಳುಗಳ ಗಳಿಕೆಯನ್ನು ಒಂದು ಗಿರಕಿ ನುಂಗಿ ಹಾಕುತ್ತದೆ. ಇಷ್ಟಕ್ಕೂ ಗಿರಕಿ ಹೊಡೆದ ಕಾರು ಹದಿಮೂರು ಸೆಕೆಂಡಿನಲ್ಲಿಯೇ ಮತ್ತೆ ಓಟಕ್ಕೆ ಸೇರಿತೆಂಬುದು ಉದಾರವಾದ ಲೆಕ್ಕ; ಹಿಂದಿನಿಂದ ಬಂದವರು ಗುದ್ದಿದರೆ ಓಟವೇ ಅಲ್ಲಿಗೆ ಮುಗಿದಂತೆ.

ನಿಜವಾದ ರೇಸಿಂಗಿನ ಇತಿಹಾಸದಲ್ಲಿ ಈ ಮಾತಿಗೆ ಸಾಕ್ಷಿಯಾಗಿ ನನಗೆ ಮೊದಲು ನೆನಪಾಗುವುದು 1984ರ ಫಾರ್ಮುಲಾ ಒನ್ ಋತು. ಮೆಕ್ಲಾರೆನ್ ತಂಡದ ಇಬ್ಬರು ಚಾಲಕರಲ್ಲಿ ಅಲೈನ್ ಪ್ರಾಸ್ಟ್ ಏಳು ಓಟಗಳನ್ನು ಗೆದ್ದರು, ನಿಕಿ ಲೌಡಾ ಐದನ್ನು ಗೆದ್ದರು. ಲೌಡಾ ಆ ವರ್ಷ ಒಮ್ಮೆಯೂ ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಓಟವನ್ನು ಆರಂಭಿಸಲಿಲ್ಲ. ಆದರೂ 72 ಅಂಕಗಳೊಂದಿಗೆ ವಿಶ್ವ ಚಾಂಪಿಯನ್ ಆದವರು ಅವರೇ. ಪ್ರಾಸ್ಟ್ ಅವರ ಅಂಕ 71.5. ಮಳೆಯಿಂದ ಅರ್ಧಕ್ಕೆ ನಿಂತ ಮೊನಾಕೊ ಓಟದಲ್ಲಿ ಗೆದ್ದ ಪ್ರಾಸ್ಟ್ ಅವರಿಗೆ ಎಂದಿನ ಅಂಕಗಳಲ್ಲಿ ಅರ್ಧದಷ್ಟು ಮಾತ್ರ ಸಿಕ್ಕಿದ್ದು ಆ ಅರ್ಧ ಅಂಕದ ಅಂತರಕ್ಕೆ ಒಂದು ಕಾರಣ ಎಂಬುದು ನಿಜ. ಆದರೆ ಅದೃಷ್ಟವು ಹಾಗೆ ತಿರುಗಿದಾಗ ಅದನ್ನು ಬಳಸಿಕೊಳ್ಳುವಷ್ಟು ಹತ್ತಿರದಲ್ಲಿ ಲೌಡಾ ಇದ್ದರು, ಏಕೆಂದರೆ ಗೆಲ್ಲಲಾಗದ ದಿನಗಳಲ್ಲಿಯೂ ಅವರು ಎರಡನೆಯವರಾಗಿ ಬಂದು ಅಂಕಗಳನ್ನು ಕೂಡಿಸಿಟ್ಟಿದ್ದರು.

ಯಾವ ಅಂಕಿಯನ್ನು ಬರೆದಿಡಬೇಕು

ಅತಿ ವೇಗದ ಲ್ಯಾಪನ್ನು ಬರೆಯುವುದನ್ನು ಬಿಟ್ಟು, ಬಿಡದೆ ಓಡಿಸಿದ ಹತ್ತು ಲ್ಯಾಪುಗಳನ್ನೂ ಬರೆಯಿರಿ. ಕಾರು ನಿಲ್ಲಿಸುವ ಜಾಗವಾದ ಪಿಟ್ಟಿನಿಂದ ಹೊರಗೆ ಬರುವ ಮೊದಲ ಲ್ಯಾಪನ್ನು ಲೆಕ್ಕಕ್ಕೆ ಸೇರಿಸಬೇಡಿ, ಏಕೆಂದರೆ ಆಗ ಟೈರುಗಳು ತಣ್ಣಗಿರುತ್ತವೆ. ಕಾರು ಹುಲ್ಲಿಗೆ ಹೋದರೂ, ಗಿರಕಿ ಹೊಡೆದರೂ, ಸಿಟ್ಟಿನಿಂದ ಮರು ಆರಂಭದ ಗುಂಡಿಯನ್ನು ಒತ್ತದೆ, ಆ ಲ್ಯಾಪನ್ನೂ ಮುಗಿಸಿ ಬರೆದಿಡಿ.

ಇಟಲಿಯ ಮೊಂಜಾ ಸರ್ಕ್ಯೂಟಿನಲ್ಲಿ, ಜಿಟಿ3 ಎಂಬ ದರ್ಜೆಯ ರೇಸ್ ಕಾರಿನಲ್ಲಿ, ನನ್ನ ಆರಂಭದ ದಿನಗಳ ಒಂದು ಪುಟ ಹೀಗಿದೆ: 1:53.1, 1:52.6, 1:52.9, 1:54.8, 1:52.4, 1:53.0, 1:52.7, 1:53.3, 1:56.0, 1:52.8. ಮೊದಲಿನ ನಾನಾಗಿದ್ದರೆ ಇದರಲ್ಲಿ 1:52.4 ಒಂದನ್ನೇ ಕಂಡು, ಅದನ್ನು 52.2ಕ್ಕೆ ಇಳಿಸುವುದು ಹೇಗೆಂದು ಯೋಚಿಸುತ್ತಿದ್ದೆ. ಈಗ ಈ ಪುಟವನ್ನು ಬೇರೆ ರೀತಿಯಲ್ಲಿ ಓದುತ್ತೇನೆ. ಹತ್ತನ್ನೂ ಏರಿಕೆಯ ಕ್ರಮದಲ್ಲಿ ಜೋಡಿಸಿದರೆ ನಟ್ಟನಡುವಿನ ಕಾಲ ಸುಮಾರು 1:52.95. ಎಂಟು ಲ್ಯಾಪುಗಳು ಒಂದು ಸೆಕೆಂಡಿಗೂ ಕಡಿಮೆ ಅಂತರದೊಳಗೆ ಇವೆ. ಉಳಿದ ಎರಡು, ಅಂದರೆ 54.8 ಮತ್ತು 56.0, ಆ ನಡುವಿನ ಕಾಲಕ್ಕೆ ಹೋಲಿಸಿದರೆ ಒಟ್ಟು 4.9 ಸೆಕೆಂಡುಗಳನ್ನು ತಿಂದಿವೆ. ಪ್ರತಿ ಲ್ಯಾಪಿನಲ್ಲಿ 0.2 ಸೆಕೆಂಡ್ ವೇಗವನ್ನು ಕಷ್ಟಪಟ್ಟು ಗಳಿಸಿದರೂ ಹತ್ತು ಲ್ಯಾಪಿಗೆ ಸಿಗುವುದು ಎರಡೇ ಸೆಕೆಂಡ್. ಆ ಎರಡು ಕೆಟ್ಟ ಲ್ಯಾಪುಗಳನ್ನು ಸಾಧಾರಣ ಲ್ಯಾಪುಗಳನ್ನಾಗಿ ಮಾಡಿದರೆ ಸಿಗುವುದು ಅದರ ಎರಡೂವರೆ ಪಟ್ಟು. ಇದಕ್ಕೆ ಹೊಸ ಕೌಶಲವೇನೂ ಬೇಕಾಗಿಲ್ಲ, ಉಳಿದ ಎಂಟು ಲ್ಯಾಪುಗಳಲ್ಲಿ ನಾನು ಈಗಾಗಲೇ ಮಾಡಿದ್ದನ್ನೇ ಮತ್ತೆ ಮಾಡಿದರೆ ಸಾಕು.

ಆದ್ದರಿಂದ ನೋಟ್‌ಬುಕ್ಕಿನಲ್ಲಿ ಮೂರು ಅಂಕಿಗಳಿರಲಿ: ನಡುವಿನ ಕಾಲ, ಅತಿ ವೇಗದ ಮತ್ತು ಅತಿ ನಿಧಾನದ ಲ್ಯಾಪುಗಳ ಅಂತರ, ಮತ್ತು ಕೆಟ್ಟ ಲ್ಯಾಪು ಯಾವ ತಿರುವಿನಲ್ಲಿ ಕೆಟ್ಟಿತು ಎಂಬ ಟಿಪ್ಪಣಿ. ಮೂರನೆಯದನ್ನು ಬರೆಯಲು ಹೆಚ್ಚಿನವರು ಸೋಮಾರಿತನ ಮಾಡುತ್ತಾರೆ, ಆದರೆ ಒಂದು ತಿಂಗಳು ಬರೆದು ನೋಡಿದರೆ ನಿಮ್ಮ ಕೆಟ್ಟ ಲ್ಯಾಪುಗಳು ಎಲ್ಲೆಂದರಲ್ಲಿ ಅಲ್ಲ, ಎರಡು ಅಥವಾ ಮೂರು ತಿರುವುಗಳಲ್ಲಿಯೇ ಹುಟ್ಟುತ್ತಿರುವುದು ಕಾಣುತ್ತದೆ. ಅಸೆಟ್ಟೊ ಕೊರ್ಸಾ ಕಾಂಪಿಟಿಜಿಯೋನೆ ಎಂಬ ಸಿಮ್ ಆಟವನ್ನು ಆಡುವವರಿಗೆ ಆಟವೇ ಸ್ಥಿರತೆಗೆಂದು ಒಂದು ಪ್ರತ್ಯೇಕ ಅಂಕವನ್ನು ಕೊಡುತ್ತದೆ. ಅದು ಒಳ್ಳೆಯದೇ, ಆದರೆ ಎಲ್ಲಿ ತಪ್ಪಿದಿರಿ ಎಂಬುದನ್ನು ಅದು ಹೇಳುವುದಿಲ್ಲ.

ಕೋಣೆಯನ್ನು ಮೊದಲು ಸ್ಥಿರಗೊಳಿಸಿ

ಕೂರುವ ಜಾಗವೇ ಅಲುಗಾಡುತ್ತಿದ್ದರೆ ಕಾಲಿನ ಅಳತೆ ಒಂದೇ ಆಗಿರಲು ಸಾಧ್ಯವಿಲ್ಲ. ನಮ್ಮ ಕಡೆಯ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ತುಳಿದು ತುಳಿದು ನುಣುಪಾಗಿರುವುದರಿಂದ, ಗಟ್ಟಿಯಾಗಿ ಬ್ರೇಕ್ ತುಳಿದಾಗಲೆಲ್ಲ ಪೆಡಲುಗಳ ಪೆಟ್ಟಿಗೆ ಒಂದೆರಡು ಬೆರಳಿನಷ್ಟು ಮುಂದಕ್ಕೆ ಜಾರುತ್ತದೆ, ಗಾಲಿಯ ಕುರ್ಚಿ ಅಷ್ಟೇ ಹಿಂದಕ್ಕೆ ಸರಿಯುತ್ತದೆ. ಇಪ್ಪತ್ತು ನಿಮಿಷಗಳ ಓಟದ ಕೊನೆಗೆ ನೀವು ಆರಂಭದಲ್ಲಿ ಕುಳಿತ ಜಾಗದಲ್ಲಿಯೇ ಇರುವುದಿಲ್ಲ. ನಾನು ಪೆಡಲುಗಳ ಮತ್ತು ಗೋಡೆಯ ನಡುವೆ ಒಂದು ಹಲಗೆಯನ್ನು ಬಿಗಿಯಾಗಿ ಕೂರಿಸಿ, ಕುರ್ಚಿಯ ಗಾಲಿಗಳನ್ನು ತೆಗೆದುಹಾಕಿದೆ. ಖರ್ಚೇನೂ ಆಗಲಿಲ್ಲ, ಆದರೆ ಬ್ರೇಕ್ ತುಳಿಯುವ ಅಳತೆ ಅದೇ ವಾರದಲ್ಲಿ ನೆಟ್ಟಗಾಯಿತು. ದುಬಾರಿ ಸ್ಟೀರಿಂಗ್ ಕೊಳ್ಳಲು ಹಣ ಕೂಡಿಸುತ್ತಿರುವವರಿಗೆ ನನ್ನ ಸಲಹೆ ಏನೆಂದರೆ, ಆ ಹಣವನ್ನು ಮೊದಲು ಪೆಡಲಿಗೆ ಹಾಕಿ. ಎಷ್ಟು ದೂರ ತುಳಿದಿರಿ ಎಂಬುದರ ಬದಲು ಎಷ್ಟು ಭಾರ ಹಾಕಿದಿರಿ ಎಂಬುದನ್ನು ಅಳೆಯುವ ಲೋಡ್ ಸೆಲ್ ಬ್ರೇಕ್ ಇದ್ದರೆ, ಸ್ನಾಯುವಿನ ನೆನಪು ಬೇಗ ಕುದುರುತ್ತದೆ.

ಬೇಸಿಗೆಯಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಮಧ್ಯಾಹ್ನದ ಮಾಳಿಗೆ ಕೋಣೆಯಲ್ಲಿ ಅಂಗೈ ಬೆವೆತು ಸ್ಟೀರಿಂಗ್ ಜಾರುವುದಲ್ಲದೆ, ಗಮನವೂ ಹದಿನೈದು ನಿಮಿಷಕ್ಕೆ ಕರಗುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬೆಳಗಿನ ಹೊತ್ತಿನಲ್ಲಿಯೇ ಅಭ್ಯಾಸ ಮುಗಿಸುವುದು ಲೇಸು. ಇನ್ನು ಕರೆಂಟಿನ ವಿಷಯ. ಮನೆಯ ಇನ್ವರ್ಟರಿನಲ್ಲಿ ಯುಪಿಎಸ್ ಎಂಬ ಬದಲಿಗುಂಡಿ ಇದ್ದರೆ ಅದನ್ನು ಹಾಕಿಡಿ. ಸಾಮಾನ್ಯ ಸ್ಥಿತಿಯಲ್ಲಿ ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವ ಕ್ಷಣದ ತಡಕ್ಕೇ ಕಂಪ್ಯೂಟರ್ ಆರಿಹೋಗಬಹುದು. ರೂಟರನ್ನೂ ಅದೇ ಸಾಲಿಗೆ ಜೋಡಿಸಿ, ಮತ್ತು ವೈಫೈ ಬಿಟ್ಟು ತಂತಿಯನ್ನೇ ಎಳೆಯಿರಿ. ಕೊನೆಯ ಲ್ಯಾಪಿನಲ್ಲಿ ರೂಟರ್ ಆರಿ ನಾಲ್ಕನೆಯ ಸ್ಥಾನ ಕಳೆದುಕೊಂಡ ಸಂಜೆ ನನಗೆ ತಾಳ್ಮೆಯ ಬಗ್ಗೆ ಯಾರೂ ಉಪದೇಶಿಸುವ ಸ್ಥಿತಿ ಇರಲಿಲ್ಲ.

ಬ್ರೇಕಿನ ಗುರುತು

ಲ್ಯಾಪುಗಳ ನಡುವಿನ ಅಂತರಕ್ಕೆ ಅತಿ ದೊಡ್ಡ ಕಾರಣ ಬ್ರೇಕ್ ಹಿಡಿಯುವ ಜಾಗ ಪ್ರತಿ ಸಲವೂ ಬೇರೆಯಾಗುವುದು. ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 69 ಮೀಟರ್ ಸಾಗುತ್ತದೆ. ಬ್ರೇಕ್ ತುಳಿಯಲು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡ ಮಾಡಿದರೆ ಕಾರು ಏಳು ಮೀಟರ್ ಮುಂದೆ ಹೋಗಿರುತ್ತದೆ, ಅಂದರೆ ಒಂದೂವರೆ ಕಾರಿನ ಉದ್ದ. ಮನಸ್ಸಿನ ಅಂದಾಜಿನಿಂದ ಬ್ರೇಕ್ ಹಿಡಿಯುವವನು ಈ ಏಳು ಮೀಟರನ್ನು ಪ್ರತಿ ಲ್ಯಾಪಿನಲ್ಲೂ ಅತ್ತಿತ್ತ ಚೆಲ್ಲುತ್ತಿರುತ್ತಾನೆ.

ಆದ್ದರಿಂದ ಪ್ರತಿ ತಿರುವಿಗೂ ಕಣ್ಣಿಗೆ ಕಾಣುವ, ಅಲುಗದ ಒಂದು ಗುರುತನ್ನು ಆರಿಸಿಕೊಳ್ಳಿ. ದೂರವನ್ನು ಸೂಚಿಸುವ ಫಲಕ, ಡಾಂಬರಿನ ಬಣ್ಣ ಬದಲಾಗುವ ಗೆರೆ, ತಡೆಗೋಡೆಯಲ್ಲಿನ ಬಿರುಕು, ಸೇತುವೆಯ ಕಂಬ, ಯಾವುದಾದರೂ ಆಗಬಹುದು. ನೆರಳನ್ನು ಮಾತ್ರ ನಂಬಬೇಡಿ, ಓಟದ ಹೊತ್ತು ಬದಲಾದರೆ ನೆರಳೂ ಸರಿಯುತ್ತದೆ. ರಸ್ತೆಬದಿಯ ಸಣ್ಣ ಪ್ಲಾಸ್ಟಿಕ್ ಗೂಟಗಳನ್ನೂ ನಂಬಬೇಡಿ, ಮೊದಲ ಲ್ಯಾಪಿನಲ್ಲಿ ಯಾರಾದರೂ ಅದನ್ನು ಹಾರಿಸಿಬಿಟ್ಟರೆ ನಿಮ್ಮ ಬ್ರೇಕೂ ಅದರೊಂದಿಗೆ ಹಾರಿಹೋಗುತ್ತದೆ. ಮುಂದೆ ಕಾರೊಂದು ಇದ್ದಾಗ ಗುರುತು ಮರೆಯಾಗಬಹುದಾದ್ದರಿಂದ, ಎಡಬಲಗಳೆರಡರಲ್ಲೂ ಒಂದೊಂದನ್ನು ನೋಡಿಟ್ಟುಕೊಳ್ಳುವುದು ಅನುಭವಿಗಳ ರೂಢಿ.

ಗುರುತು ಸಿಕ್ಕ ಮೇಲೆ, ನಿಮ್ಮ ಅತಿ ವೇಗದ ಲ್ಯಾಪಿನಲ್ಲಿ ಬ್ರೇಕ್ ಹಿಡಿದ ಜಾಗಕ್ಕಿಂತ ಹತ್ತು ಮೀಟರ್ ಮೊದಲೇ ಹಿಡಿಯಿರಿ. ಹೊಸಬರು ಇದನ್ನು ಹೇಡಿತನವೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ಟೈರಿನ ಹಿಡಿತವೆಂಬುದು ಮಿತವಾದ ಒಂದು ಬಂಡವಾಳ. ಅದನ್ನು ಬ್ರೇಕಿಗೂ ತಿರುವಿಗೂ ಹಂಚಬೇಕು. ತಡವಾಗಿ ಬ್ರೇಕ್ ಹಿಡಿದವನು ತಿರುಗುವ ಹೊತ್ತಿಗೆ ಇನ್ನೂ ಎಲ್ಲವನ್ನೂ ಬ್ರೇಕಿಗೇ ಖರ್ಚು ಮಾಡುತ್ತಿರುತ್ತಾನೆ, ಹಾಗಾಗಿ ಕಾರು ತಿರುಗದೆ ನೇರವಾಗಿ ಹೊರಗೆ ಸರಿಯುತ್ತದೆ, ಅವನು ವೇಗವರ್ಧಕವನ್ನು ತುಳಿಯಲು ಕಾಯಬೇಕಾಗುತ್ತದೆ. ಉದ್ದನೆಯ ನೇರ ರಸ್ತೆಗೆ ಬಾಗಿಲಾಗಿರುವ ತಿರುವಿನಲ್ಲಿ ಹೀಗೆ ಕಾದ ಅರ್ಧ ಸೆಕೆಂಡ್ ಆ ರಸ್ತೆಯ ಕೊನೆಯವರೆಗೂ ಬೆಳೆಯುತ್ತಲೇ ಹೋಗುತ್ತದೆ. ಮೊಂಜಾದ ಕೊನೆಯ ತಿರುವಾದ ಪ್ಯಾರಾಬೋಲಿಕಾ ಇದಕ್ಕೆ ಒಳ್ಳೆಯ ಪಾಠಶಾಲೆ. ಅಲ್ಲಿ ಒಳಹೋಗುವಾಗ ಸ್ವಲ್ಪ ನಿಧಾನವಾದವನು ಹೊರಬರುವಾಗ ಬೇಗ ತುಳಿದು, ಆರಂಭದ ನೇರದಲ್ಲಿ ಕಳೆದದ್ದಕ್ಕಿಂತ ಹೆಚ್ಚನ್ನು ಮರಳಿ ಪಡೆಯುತ್ತಾನೆ.

ನನ್ನ ಕಾಕಾ ಕಲಬುರಗಿಯಿಂದ ಹೈದರಾಬಾದಿಗೆ ತೊಗರಿಬೇಳೆಯ ಲಾರಿ ಓಡಿಸುತ್ತಾರೆ. ಒಮ್ಮೆ ನನ್ನ ಹಿಂದೆ ನಿಂತು ನಾಲ್ಕು ಲ್ಯಾಪು ನೋಡಿದ ಅವರು, ಪ್ರತಿ ತಿರುವಿನಲ್ಲೂ ನಾನು ಸ್ಟೀರಿಂಗಿನೊಂದಿಗೆ ಗುದ್ದಾಡುವುದನ್ನು ಕಂಡು, “ತಮ್ಮಾ, ನೀ ಗಾಡಿ ಓಡಸ್ಲಾಕತ್ತೀಯೋ, ಗಾಡಿ ನಿನಗ ಓಡಸ್ಲಾಕತ್ತದೋ?” ಎಂದು ಕೇಳಿದರು. ಸಿಮ್ ರೇಸಿಂಗಿನ ಬಗ್ಗೆ ಏನೂ ಗೊತ್ತಿಲ್ಲದ ಅವರ ಆ ಪ್ರಶ್ನೆಯನ್ನು ನಾನು ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದಿಟ್ಟಿದ್ದೇನೆ. ಕೈಗಳು ಗುದ್ದಾಡುತ್ತಿವೆ ಎಂದರೆ ಕಾಲು ತಡವಾಗಿದೆ ಎಂದೇ ಅರ್ಥ.

ಹತ್ತು ಲ್ಯಾಪಿನ ಅಭ್ಯಾಸ

ಅಭ್ಯಾಸಕ್ಕೆ ಕುಳಿತಾಗ, ಪರದೆಯ ಮೇಲೆ ನೀವು ಮುಂದಿದ್ದೀರೋ ಹಿಂದಿದ್ದೀರೋ ಎಂದು ಹಸಿರು ಕೆಂಪು ಬಣ್ಣಗಳಲ್ಲಿ ತೋರಿಸುವ ಪಟ್ಟಿಯನ್ನು ಮುಚ್ಚಿಬಿಡಿ. ಅದು ಕೆಂಪಾದ ಕೂಡಲೇ ಮುಂದಿನ ತಿರುವಿನಲ್ಲಿ ಕಳೆದದ್ದನ್ನು ಮರಳಿ ಪಡೆಯಬೇಕೆಂಬ ಆಸೆ ಹುಟ್ಟುತ್ತದೆ, ಮತ್ತು ಒಂದು ತಿರುವಿನ ಸಣ್ಣ ತಪ್ಪು ಎರಡು ತಿರುವಿನ ದೊಡ್ಡ ತಪ್ಪಾಗುತ್ತದೆ. ಮೊದಲ ಐದು ಲ್ಯಾಪುಗಳನ್ನು ಬೇಸರ ಬರುವಷ್ಟು ನಿಧಾನವಾಗಿ, ಪ್ರತಿ ತಿರುವಿನಲ್ಲೂ ಒಳಬದಿಯ ಅಂಚನ್ನು ಮುಟ್ಟಿ, ಹೊರಬರುವಾಗ ರಸ್ತೆಯ ಪೂರ್ತಿ ಅಗಲವನ್ನು ಬಳಸಿ ಓಡಿಸಿ. ಆಮೇಲೆ ತಪ್ಪಿಲ್ಲದ ಲ್ಯಾಪುಗಳ ಎಣಿಕೆ ಆರಂಭಿಸಿ. ನಾಲ್ಕೂ ಚಕ್ರಗಳು ರಸ್ತೆಯಂಚಿನ ಗೆರೆ ದಾಟಿದರೆ ಎಣಿಕೆ ಮತ್ತೆ ಒಂದರಿಂದ. ಹತ್ತು ಲ್ಯಾಪು ಪೂರೈಸುವವರೆಗೆ ವೇಗವನ್ನು ಹೆಚ್ಚಿಸುವಂತಿಲ್ಲ.

ಎಂಟನೆಯ ಲ್ಯಾಪಿನಲ್ಲಿ ಜಾರಿ ಮತ್ತೆ ಒಂದಕ್ಕೆ ಬರುವುದು ಬಹಳ ಬೇಸರದ ಸಂಗತಿ. ನನಗೆ ಮೊದಲ ಸಲ ಹತ್ತು ಪೂರೈಸಲು ಮೂರು ಸಂಜೆಗಳು ಹಿಡಿದವು. ಆದರೆ ಓಟದ ಒತ್ತಡವನ್ನು ಒಬ್ಬರೇ ಕುಳಿತು ಅನುಭವಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ಒಂಬತ್ತನೆಯ ಲ್ಯಾಪಿನಲ್ಲಿ ಎದೆ ಬಡಿದುಕೊಳ್ಳುವುದು ಓಟದಲ್ಲಿ ಬಡಿದುಕೊಳ್ಳುವಂತೆಯೇ ಇರುತ್ತದೆ.

ಈ ಅಭ್ಯಾಸವನ್ನು ಓಟಕ್ಕೆ ಬೇಕಾಗುವಷ್ಟು ಇಂಧನವನ್ನು ತುಂಬಿಕೊಂಡೇ ಮಾಡಬೇಕು. ಐದು ಲೀಟರ್ ಹಾಕಿಕೊಂಡು ವೇಗದ ಲ್ಯಾಪು ತೆಗೆದವನು ಅರವತ್ತು ಲೀಟರ್ ತುಂಬಿದ ಕಾರಿನಲ್ಲಿ ಓಟ ಆರಂಭಿಸಿದರೆ, ಅವನ ಕಾರು ಸುಮಾರು 40 ಕಿಲೋ ಹೆಚ್ಚು ತೂಗುತ್ತದೆ, ಅಂದರೆ ಹಳೆಯ ಗುರುತು ತಪ್ಪು ಗುರುತಾಗುತ್ತದೆ. ಅಂತರ್ಜಾಲದಲ್ಲಿ ಸಿಗುವ ಅತಿ ವೇಗದ ಚಾಲಕರ ಸೆಟಪ್ಪುಗಳ, ಅಂದರೆ ಕಾರಿನ ಹೊಂದಾಣಿಕೆಗಳ, ಬಗ್ಗೆಯೂ ಇದೇ ಎಚ್ಚರಿಕೆ ಇರಲಿ. ಒಂದು ಲ್ಯಾಪಿಗೆಂದು ಸಿದ್ಧಪಡಿಸಿದ, ಹಿಂಭಾಗ ಸಡಿಲವಾಗಿರುವ ಸೆಟಪ್ಪು ಅವರ ಕೈಯಲ್ಲಿ ಕುಣಿಯುತ್ತದೆ, ನಮ್ಮ ಕೈಯಲ್ಲಿ ಗಿರಕಿ ಹೊಡೆಯುತ್ತದೆ. ಲ್ಯಾಪಿಗೆ 0.3 ಸೆಕೆಂಡ್ ನಿಧಾನವಾದರೂ ಹಿಂಭಾಗ ಗಟ್ಟಿಯಾಗಿ ನಿಲ್ಲುವ ಸೆಟಪ್ಪನ್ನೇ ಆರಿಸಿಕೊಳ್ಳಿ.

ಓಟದ ದಿನ

ಓಟ ಆರಂಭಿಸುವ ಸ್ಥಾನವನ್ನು ನಿರ್ಧರಿಸುವ ಅರ್ಹತಾ ಸುತ್ತಿನಲ್ಲಿ ಮೊದಲು ಒಂದು ಭದ್ರವಾದ ಕಾಲವನ್ನು ದಾಖಲಿಸಿ, ಅದಾದ ಮೇಲೆ ಬೇಕಿದ್ದರೆ ಸಾಹಸ ಮಾಡಿ. ಗೆರೆ ದಾಟಿದ್ದಕ್ಕೆ ಎರಡೂ ಲ್ಯಾಪು ರದ್ದಾಗಿ ಕೊನೆಯ ಸಾಲಿನಲ್ಲಿ ನಿಲ್ಲುವುದು ಓಟಕ್ಕೆ ಅತಿ ಕೆಟ್ಟ ಆರಂಭ, ಏಕೆಂದರೆ ಮೊದಲ ತಿರುವಿನ ರಂಪಾಟವೆಲ್ಲ ಹಿಂದಿನ ಸಾಲುಗಳಲ್ಲಿಯೇ ಹೆಚ್ಚು.

ಆ ಮೊದಲ ತಿರುವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಶರಣಬಸವೇಶ್ವರರ ಜಾತ್ರೆಯಲ್ಲಿ ತೇರು ಎಳೆಯುವ ಹೊತ್ತಿಗೆ ಗುಂಪಿನ ನಡುವೆ ನಿಂತವರಿಗೆ ಗೊತ್ತಿರುತ್ತದೆ: ಮುಂದಿನವರು ಅರ್ಧ ಹೆಜ್ಜೆ ನಿಂತರೆ, ಹತ್ತು ಸಾಲು ಹಿಂದಿರುವವರು ಪೂರ್ತಿ ನಿಂತು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಓಟದ ಮೊದಲ ಬ್ರೇಕೂ ಹಾಗೆಯೇ. ಮುಂದಿನ ಕಾರು ಸ್ವಲ್ಪ ಬೇಗ ಬ್ರೇಕ್ ಹಿಡಿಯುತ್ತದೆ, ಅದರ ಹಿಂದಿನದು ಇನ್ನೂ ಬೇಗ, ಹತ್ತನೆಯ ಕಾರಿನ ಹೊತ್ತಿಗೆ ಬ್ರೇಕಿನ ಜಾಗ ಮೂವತ್ತು ನಲವತ್ತು ಮೀಟರ್ ಹಿಂದಕ್ಕೆ ಸರಿದಿರುತ್ತದೆ. ಇದರ ಮೇಲೆ ಟೈರು ತಣ್ಣಗಿದೆ, ಇಂಧನ ತುಂಬಿದೆ, ಮತ್ತು ಮುಂದಿನ ಕಾರುಗಳ ಗಾಳಿಯ ಮರೆಯಲ್ಲಿ ಬಂದದ್ದರಿಂದ ನಿಮ್ಮ ವೇಗ ಅಭ್ಯಾಸದ ದಿನಕ್ಕಿಂತ ಹೆಚ್ಚಾಗಿದೆ. ಅದೇ ಮರೆಯಲ್ಲಿ ಕಾರನ್ನು ನೆಲಕ್ಕೆ ಒತ್ತುವ ಗಾಳಿಯ ಭಾರವೂ ಕಡಿಮೆಯಾಗಿರುತ್ತದೆ. ಅಭ್ಯಾಸದಲ್ಲಿ ಕಲಿತ ಗುರುತು ಇಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ. ಮೊದಲ ಲ್ಯಾಪಿನಲ್ಲಿ ಗುರುತನ್ನು ಮರೆತು, ಎರಡು ಕಾರಿನ ಆಚೆಗೆ ಮುಂದಿರುವವನ ಬ್ರೇಕ್ ದೀಪವನ್ನು ನೋಡಿ. ಮೊಂಜಾದ ಮೊದಲ ಕಿರುತಿರುವಿನಲ್ಲಿ ನಾನು ಹೀಗೆ ನಿಧಾನವಾಗಿ ಹೋಗಿ ಎರಡು ಸ್ಥಾನ ಕಳೆದುಕೊಂಡು, ತಿರುವಿನ ಆಚೆ ಬರುವಾಗ ಐದು ಸ್ಥಾನ ಗಳಿಸಿದ್ದುಂಟು. ಆ ಐವರೂ ಮರಳಿನಲ್ಲಿ ಇಲ್ಲವೆ ಒಬ್ಬರ ಬಾಗಿಲಲ್ಲಿ ಇನ್ನೊಬ್ಬರು ಸಿಕ್ಕಿಕೊಂಡಿದ್ದರು.

ಭಾರತದ ಮೊದಲ ಫಾರ್ಮುಲಾ ಒನ್ ಚಾಲಕ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಇಂಡಿಯಾನಾಪೊಲಿಸಿನಲ್ಲಿ ನಾಲ್ಕನೆಯವರಾಗಿ ಬಂದು ಐದು ಅಂಕ ಗಳಿಸಿದ ದಿನ, ಟೈರಿನ ಸುರಕ್ಷತೆಯ ಸಮಸ್ಯೆಯಿಂದ ಹದಿನಾಲ್ಕು ಕಾರುಗಳು ಪಿಟ್ಟಿಗೆ ಮರಳಿ ಆರೇ ಕಾರುಗಳು ಓಡಿದವು. ಅದನ್ನು ಹಾಸ್ಯ ಮಾಡುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಓಡುತ್ತಿರುವವರ ಸಾಲಿನಲ್ಲಿ ಇದ್ದು ಕಾರನ್ನು ಗುರಿ ಮುಟ್ಟಿಸುವುದೂ ಓಟದ ಕೆಲಸವೇ, ಮತ್ತು ಆನ್‌ಲೈನಿನ ಹೊಸಬರ ಓಟಗಳಲ್ಲಿ ಅರ್ಧದಷ್ಟು ಕಾರುಗಳು ತಾವಾಗಿಯೇ ದಾರಿ ಬಿಡುವುದನ್ನು ನಾನು ಎಷ್ಟೋ ಸಂಜೆ ಕಂಡಿದ್ದೇನೆ.

ಹಿಂದಿನಿಂದ ನಿಮಗಿಂತ ವೇಗದವನೊಬ್ಬ ಬಂದು ಪ್ರತಿ ತಿರುವಿನಲ್ಲೂ ಮೂತಿ ತೂರಿಸುತ್ತಿದ್ದರೆ ಅವನನ್ನು ಒಂದು ನೇರ ರಸ್ತೆಯಲ್ಲಿ ಬಿಟ್ಟುಬಿಡಿ. ಇಬ್ಬರು ಅಕ್ಕಪಕ್ಕದಲ್ಲಿ ಗುದ್ದಾಡುತ್ತ ತಿರುಗುವಾಗ ಇಬ್ಬರೂ ಲ್ಯಾಪಿಗೆ ಒಂದೆರಡು ಸೆಕೆಂಡ್ ಕಳೆದುಕೊಳ್ಳುತ್ತಾರೆ, ಮುಂದಿನವನು ಅಷ್ಟರಲ್ಲಿ ಕಣ್ಮರೆಯಾಗಿರುತ್ತಾನೆ. ಅವನ ಹಿಂದೆ ಒಂದು ಸೆಕೆಂಡಿನ ಅಂತರದಲ್ಲಿ ಹೋಗಿ, ಅವನು ಎಲ್ಲಿ ತಪ್ಪುತ್ತಾನೆಂದು ಮೂರು ಲ್ಯಾಪು ನೋಡಿ. ತಪ್ಪದಿದ್ದರೆ ಅವನು ನಿಮಗಿಂತ ಒಳ್ಳೆಯ ಚಾಲಕ. ಹಿಂದೆ ಉಳಿದು ಕಲಿಯಿರಿ.

ನೀವೇ ಇನ್ನೊಬ್ಬರನ್ನು ದಾಟುವಾಗ ಒಂದು ಕಾರಿನ ಅಗಲಕ್ಕಿಂತ ಸ್ವಲ್ಪ ಹೆಚ್ಚೇ ಜಾಗ ಬಿಡಿ, ಅದಕ್ಕೆ ಸೌಜನ್ಯ ಮಾತ್ರ ಕಾರಣವಲ್ಲ. ಆನ್‌ಲೈನಿನಲ್ಲಿ ನಿಮ್ಮ ಪರದೆಯ ಮೇಲೆ ಕಾಣುವ ಎದುರಾಳಿಯ ಕಾರು ಅವನು ಈಗ ಇರುವ ಜಾಗವಲ್ಲ, ಕೆಲವು ಕ್ಷಣಗಳ ಹಿಂದೆ ಬಂದ ಮಾಹಿತಿಯ ಮೇಲೆ ಆಟ ಕಟ್ಟಿದ ಊಹೆ. ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿ 100 ಮಿಲಿಸೆಕೆಂಡ್ ತಡವೆಂದರೆ ಐದು ಮೀಟರ್. ನಿಮ್ಮ ಪರದೆಯಲ್ಲಿ ಗೇಣು ಜಾಗ ಇತ್ತೆಂದು ಕಂಡದ್ದು ಅವನ ಪರದೆಯಲ್ಲಿ ಡಿಕ್ಕಿಯಾಗಿರಬಹುದು. ಕಲಬುರಗಿಯಲ್ಲಿ ಕುಳಿತು ಯುರೋಪಿನ ಸರ್ವರಿನಲ್ಲಿ ಆಡುವವರು ಇದನ್ನು ಎರಡು ಪಟ್ಟು ನೆನಪಿಡಬೇಕು. ಓಟಕ್ಕೆ ಸೇರುವ ಮೊದಲು ಪಿಂಗ್, ಅಂದರೆ ಮಾಹಿತಿ ಸರ್ವರಿಗೆ ಹೋಗಿ ಬರಲು ಹಿಡಿಯುವ ಹೊತ್ತು, ಎಷ್ಟೆಂದು ನೋಡಿ, ಹತ್ತಿರದ ಸರ್ವರ್ ಸಿಗುವುದಾದರೆ ಅದನ್ನೇ ಆರಿಸಿ.

ವೇದಿಕೆಗಳೂ ಇದೇ ನಡತೆಗೆ ಬೆಲೆ ಕೊಡುತ್ತವೆ. ಐರೇಸಿಂಗ್ ಎಂಬ ಆನ್‌ಲೈನ್ ರೇಸಿಂಗ್ ವೇದಿಕೆಯಲ್ಲಿ ರಸ್ತೆ ಬಿಟ್ಟು ಹೊರಗೆ ಹೋದರೆ ಒಂದು, ಕಾರು ಹತೋಟಿ ತಪ್ಪಿದರೆ ಅಥವಾ ಗೋಡೆಗೆ ತಾಗಿದರೆ ಎರಡು, ಇನ್ನೊಂದು ಕಾರಿಗೆ ಜೋರಾಗಿ ಗುದ್ದಿದರೆ ನಾಲ್ಕು ದಂಡದ ಅಂಕಗಳು ಬೀಳುತ್ತವೆ. ತಪ್ಪು ಯಾರದೆಂದು ಗಣಕ ವಿಚಾರಿಸುವುದಿಲ್ಲ, ಇಬ್ಬರಿಗೂ ಬೀಳುತ್ತದೆ. ಇದು ಅನ್ಯಾಯವೆಂದು ದೂರುವವರು ಬಹಳ, ನಾನೂ ದೂರಿದ್ದೇನೆ. ಆದರೆ ಯಾರದೋ ತಪ್ಪಿಗೆ ನಾನು ದಂಡ ತೆರಬೇಕಾಗುವುದರಿಂದಲೇ ಅಂಥವರಿಂದ ದೂರ ಇರುವುದನ್ನು ಕಲಿತೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಎಷ್ಟು ತಿರುವುಗಳಿಗೆ ಒಂದು ದಂಡ ಬಿತ್ತು ಎಂಬ ಸರಾಸರಿಯ ಮೇಲೆ ಅಲ್ಲಿನ ಸುರಕ್ಷತಾ ಅಂಕ ನಿಲ್ಲುವುದರಿಂದ, ಕಿರಿದಾದ ಓಟವನ್ನು ಮೂರನೆಯವರಾಗಿ ಮುಗಿಸುವುದಕ್ಕಿಂತ ಉದ್ದನೆಯ ಓಟವನ್ನು ದಂಡವಿಲ್ಲದೆ ಹನ್ನೆರಡನೆಯವರಾಗಿ ಮುಗಿಸುವುದು ಅಲ್ಲಿ ಚಾಲಕರಿಗೆ ಕೊಡುವ ಪರವಾನಗಿಯ ದರ್ಜೆಯನ್ನು ಬೇಗ ಮೇಲೇರಿಸುತ್ತದೆ. ಗ್ರಾನ್ ಟ್ಯುರಿಸ್ಮೊ 7ರಲ್ಲಿಯೂ ಚಾಲನೆಯ ಅಂಕದ ಜೊತೆಗೆ ಕ್ರೀಡಾ ನಡತೆಯ ಅಂಕ ಬೇರೆಯಾಗಿಯೇ ಇದೆ.

ಯಾರಾದರೂ ಗುದ್ದಿ ನಿಮ್ಮನ್ನು ಹೊರಗೆ ಹಾಕಿದರೆ, ಬ್ರೇಕನ್ನು ಒತ್ತಿ ಹಿಡಿದು ಕಾರನ್ನು ನಿಲ್ಲಿಸಿ, ಹಿಂದಿನವರೆಲ್ಲ ಹೋಗುವವರೆಗೆ ಕಾದು, ಆಮೇಲೆ ರಸ್ತೆಗೆ ಬನ್ನಿ. ಆ ಹತ್ತು ಸೆಕೆಂಡುಗಳು ಯುಗದಂತೆ ಅನಿಸುತ್ತವೆ. ಗುದ್ದಿದವನನ್ನು ಹುಡುಕಿಕೊಂಡು ಹೋಗಿ ಸೇಡು ತೀರಿಸುವ ಆಸೆ ಬಂದರೆ ಆಟವನ್ನು ಮುಚ್ಚಿ ಕೆಳಗಿಳಿದು ಹೋಗಿ ಊಟ ಮಾಡಿ. ನಾನು ಸಂಜೆಗೆ ಎರಡು ಓಟಕ್ಕಿಂತ ಹೆಚ್ಚು ಓಡಿಸುವುದಿಲ್ಲ. ಮೂರನೆಯ ಓಟವನ್ನು ಯಾವಾಗಲೂ ಎರಡನೆಯದರ ಸಿಟ್ಟು ಓಡಿಸುತ್ತಿರುತ್ತದೆ.

ಹಾಗಾದರೆ ವೇಗ ಯಾವಾಗ

ಸ್ಥಿರತೆಯ ಹೆಸರಿನಲ್ಲಿ ಶಾಶ್ವತವಾಗಿ ನಿಧಾನವಾಗಿ ಉಳಿಯುವವರೂ ಇದ್ದಾರೆ, ಅವರ ಬಗ್ಗೆ ನನಗೆ ಹೆಚ್ಚಿನ ಮೆಚ್ಚುಗೆ ಇಲ್ಲ. ಮುಂದಿನ ಸಾಲಿನವರು ಸಮವಾಗಿಯೂ ಓಡಿಸುತ್ತಾರೆ, ವೇಗವಾಗಿಯೂ ಓಡಿಸುತ್ತಾರೆ. ಹತ್ತು ಲ್ಯಾಪುಗಳ ಅಂತರ ಅರ್ಧ ಸೆಕೆಂಡಿನೊಳಗೆ ಬಂದು, ಅದು ಎರಡು ಮೂರು ಸಂಜೆ ಹಾಗೆಯೇ ನಿಂತರೆ ವೇಗದ ಕೆಲಸಕ್ಕೆ ಕೈಹಾಕುವ ಕಾಲ ಬಂದಿದೆ. ಅದಕ್ಕಿಂತ ಮೊದಲು ಕೈಹಾಕಿದರೆ ಯಾವ ಬದಲಾವಣೆಯಿಂದ ಕಾಲ ಇಳಿಯಿತು, ಯಾವುದರಿಂದ ಏರಿತು ಎಂಬುದೇ ತಿಳಿಯುವುದಿಲ್ಲ, ಏಕೆಂದರೆ ಏನನ್ನೂ ಬದಲಿಸದಿದ್ದರೂ ನಿಮ್ಮ ಲ್ಯಾಪುಗಳು ಎರಡು ಸೆಕೆಂಡ್ ಅತ್ತಿತ್ತ ಓಲಾಡುತ್ತಿರುತ್ತವೆ.

ಒಂದು ಸಲಕ್ಕೆ ಒಂದೇ ತಿರುವನ್ನು ಹಿಡಿಯಿರಿ, ಅದೂ ಉದ್ದನೆಯ ನೇರಕ್ಕೆ ತೆರೆಯುವ ತಿರುವನ್ನು. ನಿಮಗಿಂತ ಒಂದು ಸೆಕೆಂಡಿನಷ್ಟು ವೇಗದವರ ಲ್ಯಾಪನ್ನು ಆರಿಸಿ ಹೋಲಿಸಿ. ಜಗತ್ತಿನ ದಾಖಲೆಯ ಲ್ಯಾಪನ್ನು ನೋಡಿದರೆ ಬೆರಗಾಗಬಹುದೇ ಹೊರತು ಕಲಿಯಲು ಹೆಚ್ಚೇನೂ ಸಿಗದು. ಕಾಂಪಿಟಿಜಿಯೋನೆಯ ಮಾಹಿತಿಯನ್ನು ಮೋಟೆಕ್ ತಂತ್ರಾಂಶದಲ್ಲಿ ತೆರೆದು ಬ್ರೇಕ್, ವೇಗ ಮತ್ತು ವೇಗವರ್ಧಕದ ಗೆರೆಗಳನ್ನು ಒಂದರ ಮೇಲೊಂದಿಟ್ಟು ನೋಡಬಹುದು. ಅಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಎರಡು: ತಿರುವಿನ ನಡುವೆ ಅವರ ಕನಿಷ್ಠ ವೇಗ ನಿಮ್ಮದಕ್ಕಿಂತ ಎಷ್ಟು ಹೆಚ್ಚಿದೆ, ಮತ್ತು ಅವರು ವೇಗವರ್ಧಕವನ್ನು ಪೂರ್ತಿ ತುಳಿದ ಜಾಗ ನಿಮ್ಮದಕ್ಕಿಂತ ಎಷ್ಟು ಹಿಂದಿದೆ. ಬ್ರೇಕನ್ನು ಎಷ್ಟು ತಡವಾಗಿ ಹಿಡಿದರು ಎಂಬುದರಲ್ಲಿ ವ್ಯತ್ಯಾಸ ಹೆಚ್ಚಿರುವುದಿಲ್ಲ. ಅದನ್ನು ಬಿಡುವ ರೀತಿಯಲ್ಲಿ ಇರುತ್ತದೆ. ಅವರು ತಿರುಗುತ್ತಿದ್ದಂತೆ ಕಾಲನ್ನು ಸ್ವಲ್ಪ ಸ್ವಲ್ಪವಾಗಿ ಎತ್ತುತ್ತಾರೆ, ನಾವು ಒಮ್ಮೆಲೇ ಎತ್ತಿಬಿಡುತ್ತೇವೆ, ಮುಂದಿನ ಚಕ್ರಗಳ ಮೇಲಿನ ಭಾರ ಹೋಗಿ ಕಾರು ತಿರುಗಲು ಒಲ್ಲೆ ಎನ್ನುತ್ತದೆ.

ಬದಲಿಸಿದ್ದನ್ನು ಆ ಒಂದೇ ತಿರುವಿನಲ್ಲಿ ಇಪ್ಪತ್ತು ಸಲ ಮಾಡಿ ನೋಡಿದ ಮೇಲೆ ಮತ್ತೆ ಹತ್ತು ಲ್ಯಾಪಿನ ಎಣಿಕೆಗೆ ಬನ್ನಿ, ಪರದೆಯ ಪಟ್ಟಿಯನ್ನು ಮುಚ್ಚಿ. ನಡುವಿನ ಕಾಲ ಇಳಿದು ಅಂತರ ಅರ್ಧ ಸೆಕೆಂಡಿನೊಳಗೇ ಉಳಿದರೆ ಆ ಬದಲಾವಣೆಯನ್ನು ಮುಂದಿನ ಓಟಕ್ಕೆ ತೆಗೆದುಕೊಂಡು ಹೋಗಿ. ಕಾಲ ಇಳಿದರೂ ಅಂತರ ಒಂದು ಸೆಕೆಂಡನ್ನು ದಾಟಿದರೆ, ಆ ವಾರದ ಓಟವನ್ನು ಹಳೆಯ ಗುರುತಿನಲ್ಲಿಯೇ ಓಡಿಸಿ, ಹೊಸದನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡಿ. ನನ್ನ ನೋಟ್‌ಬುಕ್ಕಿನಲ್ಲಿ ಪ್ಯಾರಾಬೋಲಿಕಾದ ಬ್ರೇಕಿನ ಬಗ್ಗೆ ಅಂಥದೊಂದು ಪೆನ್ಸಿಲ್ ಟಿಪ್ಪಣಿ ಐದು ವಾರಗಳಿಂದ ಹಾಗೆಯೇ ಇದೆ, ಇನ್ನೂ ಪೆನ್ನಿಗೆ ಬಂದಿಲ್ಲ.